ದೊಡ್ಡಮ್ಮನ ಕೋಟು

ಕನ್ನಡಕದ ಗಾಜಿನ ಕಾರ್ಖಾನೆಯಲ್ಲಿ ಐದು ದಿನ ಒಂದೇ ಒಂದು ಗೀರೂ ಕಣ್ತಪ್ಪಲು ಬಿಡದ, ಗಾಜು ಪರೀಕ್ಷಿಸುವ ಹುಡುಗಿ ಆರನೆಯ ದಿನ, ಶನಿವಾರ, ಊಟದ ಹೊತ್ತಿನೊಳಗೆ ನಾಲ್ಕು ಬಿಟ್ಟಿದ್ದಳು. ಚಳಿಯಿರಲಿ ಬಿಸಿಲಿರಲಿ ಅರ್ಧ ತೋಳಿನ ಅಂಗಿಯನ್ನೇ ಹಾಕುವ ಮೇಸ್ತ್ರಿ ಆ ನಾಲ್ಕು ಗಾಜುಗಳನ್ನು ತಂದು ಅವಳ ಮೇಜಿನ ದೀಪದ ಕೆಳಗೆ ಸಾಲಾಗಿ ಇಟ್ಟರು.

“ಏನಮ್ಮಾ, ನಿನ್ನ ಮಂತ್ರದ ಕೋಟು ಇವತ್ತು ರಜೆ ಹಾಕಿದೆಯಾ?”

“ಹಾಕ್ಕೊಂಡೇ ಇದೀನಿ ಸಾರ್,” ಎಂದಳು.

ಹಿಂದಿನ ವಾರ ಗೀರು ಬಿದ್ದ ಹನ್ನೊಂದು ಗಾಜು ಅವಳ ಕೈ ದಾಟಿ ಹೋಗಿದ್ದವು. “ಮುಂದಿನ ಶನಿವಾರದವರೆಗೆ ನೋಡ್ತೀನಿ. ಆಮೇಲೆ ನೀನು ಬೇರೆ ಕೆಲಸ ನೋಡ್ಕೋ,” ಎಂದು ಮೇಸ್ತ್ರಿ ಕಡ್ಡಿ ಮುರಿದಂತೆ ಹೇಳಿದ್ದರು. ಸೋಮವಾರ ಬೆಳಿಗ್ಗೆ ಅವಳು ಮೈಮೇಲೆ ಚಹಾ ಚೆಲ್ಲಿಕೊಂಡಳು. ಕಲೆ ನಾಲ್ಕು ಜನರ ಕಣ್ಣಿಗೆ ಬೀಳದಿದ್ದರೆ ಸಾಕೆಂದು, ಗೋಡೆಯ ಮೊಳೆಗೆ ನೇತಾಡುತ್ತಿದ್ದ ಬಿಳಿ ಕೋಟನ್ನು ಎಳೆದು ಹಾಕಿಕೊಂಡಳು. ಇಪ್ಪತ್ತು ವರ್ಷ ಅದೇ ಮೇಜಿನ ಮುಂದೆ ಕೂತು ಗಾಜು ಪರೀಕ್ಷಿಸಿ, ಕಳೆದ ವರ್ಷ ಕೆಲಸ ಬಿಟ್ಟ ಹೆಂಗಸಿನ ಕೋಟು ಅದು. ಅವಳನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು; ಆಳೂ ಹೆಸರಿಗೆ ತಕ್ಕಂತೆಯೇ ಇದ್ದಳು. ಆ ಕೋಟು ಮೈಗೇರಿದ ಮೇಲೆ ಶುಕ್ರವಾರದವರೆಗೆ ಒಂದು ಗೀರೂ ತಪ್ಪಲಿಲ್ಲ. “ದೊಡ್ಡಮ್ಮ ಹೋಗೋವಾಗ ಕಣ್ಣನ್ನ ಕೋಟಲ್ಲೇ ಬಿಟ್ಟು ಹೋಗಿದಾಳೆ,” ಎಂದು ಪಾಲಿಶ್ ಮಾಡುವವರು ನಕ್ಕರು. ಹುಡುಗಿ ನಗಲಿಲ್ಲ. ಅರ್ಧ ನಂಬಿಯೂ ಬಿಟ್ಟಿದ್ದಳು.

ಮೇಸ್ತ್ರಿ ಈಗ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. “ಕೋಟು ಅದೇ. ದೀಪ ಅದೇ. ಕಣ್ಣೂ ನಿಂದೇ. ಮತ್ತೆ ಆಗಿದ್ದಾದ್ರೂ ಏನು?” ಬೈಯುವುದನ್ನು ಮರೆತು ಒಗಟು ಬಿಡಿಸಲು ಕೂತವರ ಹಾಗಿತ್ತು ಅವರ ಮುಖ. ಹೋಗುವಾಗ ಮಾತ್ರ, “ಸಂಜೆವರೆಗೆ ಟೈಮಿದೆ. ಇನ್ನೊಂದು ತಪ್ಪಿದ್ರೂ ನನ್ನ ಕೈಲಿ ಏನೂ ಇಲ್ಲ,” ಎಂದರು.

ಊಟದ ಡಬ್ಬಿ ಮುಚ್ಚಳ ತೆಗೆಯದೆ ಅವಳು ರಸ್ತೆ ದಾಟಿ ಅಕ್ಕನ ಟೈಲರ್ ಅಂಗಡಿಗೆ ಓಡಿದಳು. ಬದಲಾದದ್ದು ಒಂದೇ ಎಂದು ಅವಳಿಗೆ ಗೊತ್ತಿತ್ತು. ನಿನ್ನೆ ಸಂಜೆ ಅಕ್ಕ, “ಗುಬ್ಬಚ್ಚಿಗೆ ಕಂಬಳಿ ಹೊದಿಸಿದ ಹಾಗಿದೆಯಲ್ಲೇ,” ಎಂದು ನಕ್ಕು, ಬೆರಳ ತುದಿಯವರೆಗೆ ಬರುತ್ತಿದ್ದ ಕೋಟಿನ ತೋಳನ್ನು ಮಣಿಕಟ್ಟಿಗೆ ಸರಿಯಾಗಿ ಕತ್ತರಿಸಿ ಹೊಲಿದುಕೊಟ್ಟಿದ್ದಳು.

“ಅಕ್ಕಾ, ಆ ತುಂಡು ಎಲ್ಲಿ? ವಾಪಸ್ ಹಚ್ಚಿಕೊಡು.”

“ದಿಂಬಿನೊಳಗೆ ತುರುಕಿ, ದಿಂಬು ಹೊಲಿದೂ ಆಯ್ತು. ಇಷ್ಟು ವರ್ಷದಲ್ಲಿ ಅಳತೆ ಸರಿಯಿದೆ ಅಂತ ಜಗಳಕ್ಕೆ ಬಂದವಳು ನೀನೊಬ್ಬಳೇ ನೋಡು!”

“ತಮಾಷೆ ಬೇಡ ಕಣೇ. ನನ್ನ ಕೆಲಸ ಹೋಗುತ್ತೆ.”

ಅಕ್ಕ ಕತ್ತರಿ ಕೆಳಗಿಟ್ಟಳು. “ಸರಿ, ಹೇಳು. ತೋಳು ಉದ್ದ ಇದ್ದಾಗ ಏನು ಮಾಡ್ತಿದ್ದೆ?”

“ಏನು ಮಾಡೋದು? ಜಾರ್ತಾ ಇತ್ತು. ಮಡಚ್ಕೊಳ್ತಿದ್ದೆ.”

“ದಿನಕ್ಕೆ ಎಷ್ಟು ಸಲ?”

“ಒಂದೊಂದು ಗಾಜು ಎತ್ಕೊಳ್ಳೋ ಮುಂಚೆನೂ. ಇಲ್ದಿದ್ರೆ ತೋಳು ಗಾಜಿಗೆ ತಾಗುತ್ತಲ್ಲ.”

ಹೇಳುತ್ತಲೇ ಅವಳು ಕತ್ತರಿಸಿದ ತೋಳಿನ ಅಂಚನ್ನು ಮುಟ್ಟಿ ನೋಡಿದಳು. ಇಂದು ಬೆಳಿಗ್ಗೆ ಕೈಯನ್ನು ತಡೆಯಲು ಏನೂ ಇರಲಿಲ್ಲ. ಒಂದು ಗಾಜು ಇಡುವ ಮೊದಲೇ ಕೈ ಇನ್ನೊಂದಕ್ಕೆ ಹೋಗುತ್ತಿತ್ತು, ಹಿಂದಿನ ಗಾಜಿನ ಬೆಳಕು ಕಣ್ಣಲ್ಲಿ ಇನ್ನೂ ಆರಿರುತ್ತಿರಲಿಲ್ಲ. ಅಕ್ಕ ಮುಂದಿದ್ದ ಬಟ್ಟೆಯನ್ನೇ ನೋಡುತ್ತ, “ನಾನೂ ಕತ್ತರಿ ಹಾಕೋ ಮುಂಚೆ ಬಟ್ಟೆ ಮೇಲೆ ಒಂದ್ಸಲ ಕೈ ಸವರ್ತೀನಿ,” ಎಂದಳು. “ಸುಕ್ಕೇ ಇಲ್ಲದಿದ್ರೂ ಸವರ್ತೀನಿ. ಯಾಕೆ ಅಂತ ಇವತ್ತಿನವರೆಗೂ ಯೋಚಿಸಿರಲಿಲ್ಲ.”

ಮಧ್ಯಾಹ್ನ ಕೆಲಸಕ್ಕೆ ಮರಳಿದ ಅವಳು ಕೋಟನ್ನು ಮೊಳೆಗೆ ತೂಗುಹಾಕಿ, ಕೋಟಿಲ್ಲದೆಯೇ ಕೂತಳು. ಪ್ರತಿ ಗಾಜಿಗೂ ಮೊದಲು ಬಲಗೈ ಎಡ ಮಣಿಕಟ್ಟಿಗೆ ಹೋಯಿತು, ಇಲ್ಲದ ತೋಳನ್ನು ಎರಡು ಸುತ್ತು ಮಡಚಿತು. ಎಡಗೈ ಬಲಕ್ಕೆ ಬಂದು ಹಾಗೇ ಮಾಡಿತು. ಆಮೇಲೆ ಗಾಜು. ಪಾಲಿಶ್ ಮಾಡುವವನೊಬ್ಬ ಪಕ್ಕದವನನ್ನು ಮೊಣಕೈಯಿಂದ ತಿವಿದು, “ನೋಡೋ, ಗಾಳೀನ ಮಡಚ್ತಾ ಇದಾಳೆ!” ಎಂದ. ಅವಳ ಕಿವಿ ಬಿಸಿಯಾಯಿತು. ಕೈ ಮಾತ್ರ ನಿಲ್ಲಲಿಲ್ಲ. ಗಾಜುಗಳ ಮೂರನೆಯ ತಟ್ಟೆಯಲ್ಲಿ, ಒಂದರ ಅಂಚಿಗೆ ಅಂಟಿದಂತಿದ್ದ ಕೂದಲೆಳೆಯ ಗೀರೊಂದು ತಾನಾಗಿ ಎದ್ದುಬಂದು ಕಣ್ಣಿಗೆ ಬಿತ್ತು.

ಸಂಜೆ ಮೇಸ್ತ್ರಿ ಅವಳ ಐದೂ ತಟ್ಟೆಗಳನ್ನು ಕಣ್ಣಿಗೆ ಭೂತಗನ್ನಡಿ ಇಟ್ಟು ನೋಡಿದರು. ಅವಳು ಉಗುರು ಕಚ್ಚುತ್ತ ನಿಂತಿದ್ದಳು. ಕೊನೆಯ ಗಾಜನ್ನು ಇಟ್ಟು, “ಸೋಮವಾರ ಬಾ,” ಎಂದರು. ಮತ್ತೆ ತಡೆಯಲಾಗದೆ, “ಕೋಟು ಮೊಳೆ ಮೇಲಿದೆ. ಇದು ಹೇಗಮ್ಮಾ?” ಎಂದು ಕೇಳಿದರು.

ಅವಳು ಇಲ್ಲದ ತೋಳನ್ನು ಮಣಿಕಟ್ಟಿನ ಮೇಲೆ ಎರಡು ಸುತ್ತು ಮಡಚಿ ತೋರಿಸಿದಳು.

“ಹೋಗೇ, ಹುಚ್ಚು ಹುಡುಗಿ!” ಎಂದು ಅವರು ನಕ್ಕುಬಿಟ್ಟರು.

ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದವಳು ಒಮ್ಮೆ ಹಿಂತಿರುಗಿ ಕಿಟಕಿಯ ಮೂಲಕ ಒಳಗೆ ನೋಡಿದಳು. ಉಳಿದವರೆಲ್ಲ ಮನೆಗೆ ಹೋಗಿದ್ದರು. ಮೇಸ್ತ್ರಿ ದೀಪದ ಮುಂದೆ ಇನ್ನೊಂದು ತಟ್ಟೆ ಎಳೆದುಕೊಂಡರು, ಅತ್ತಿತ್ತ ನೋಡಿದರು, ಆಮೇಲೆ ತಮ್ಮ ಬರಿಯ ಮಣಿಕಟ್ಟಿನ ಮೇಲೆ ನಿಧಾನವಾಗಿ ಇಲ್ಲದ ತೋಳನ್ನು ಮಡಚತೊಡಗಿದರು.