ಮುಂದಿನ ಸಾಲಿನಲ್ಲಿ ಅಪ್ಪ

ಪಿಎಚ್‌ಡಿ ವೈವಾಕ್ಕೆ ಇನ್ನೇನು ಮೊದಲ ಸ್ಲೈಡ್ ಹಾಕಬೇಕು ಎನ್ನುವಷ್ಟರಲ್ಲಿ ಸೆಮಿನಾರ್ ಹಾಲಿನ ಬಾಗಿಲು ತೆರೆದು ಅಪ್ಪ ಒಳಗೆ ಬಂದರು. ಚೈತ್ರ ಸ್ಲೈಡ್ ಹಾಕುವುದನ್ನೇ ಮರೆತಳು. ಜರಗನಹಳ್ಳಿಯ ಬೈರಣ್ಣ ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು, ಬಿಳಿ ಪಂಚೆ ಉಟ್ಟು ಮದುವೆಮನೆಗೆ ಬಂದವರ ಹಾಗೆ ಅತ್ತಿತ್ತ ನೋಡಿದರು. ಆಮೇಲೆ ಖಾಲಿಯಿದ್ದ ಮುಂದಿನ ಸಾಲಿನಲ್ಲೇ ಕೂತುಬಿಟ್ಟರು. ಮನೆಯವರು ಯಾರೂ ಬರುವ ಹಾಗಿಲ್ಲವಂತೆ ಎಂದು ಅವಳು ಅಮ್ಮನ ಹತ್ತಿರ ಸುಳ್ಳು ಹೇಳಿಬಂದಿದ್ದಳು.

"ನಾನೇ ಫೋನ್ ಮಾಡಿ ಕರೆದೆ ಕಣೇ," ಎಂದು ಗೈಡ್ ಜಯದೇವಿ ಮೇಡಂ ಅವಳ ಕಿವಿಯಲ್ಲಿ ಹೇಳಿದರು. "ಓಪನ್ ವೈವಾ ಅಂದ್ರೆ ಓಪನ್ನೇ. ಯಾರ್ ಬೇಕಾದ್ರೂ ಬಂದು ಕೂರಬಹುದು, ಪ್ರಶ್ನೆನೂ ಕೇಳಬಹುದು. ಆಚೆ ನೋಡು, ನಿಮ್ಮಪ್ಪ ಎಲ್ಲರಿಗೂ ತಿಂಡಿ ತರಿಸಿದ್ದಾರೆ ಪಾಪ." ವೈವಾ ದಿನ ಎಲ್ಲರ ಹೊಟ್ಟೆ ತುಂಬಿಸಬೇಕಾದವರು ಕ್ಯಾಂಡಿಡೇಟಿನ ಮನೆಯವರು ಎಂದು ಯಾವ ನಿಯಮದಲ್ಲೂ ಬರೆದಿಲ್ಲ. ಆದರೆ ಅದರಿಂದ ತಪ್ಪಿಸಿಕೊಂಡವರು ಯಾರೂ ಇಲ್ಲ. ಪುಣ್ಯದ ಕೆಲಸ ಮಾಡಿದ ಖುಷಿಯಲ್ಲಿ ಮೇಡಂ ತಮ್ಮ ಕುರ್ಚಿಗೆ ಹೋದರು.

ಚೈತ್ರಳ ಭಯವೆಲ್ಲ ತನ್ನ ಥೀಸಿಸ್ಸಿನದೇ. ಇಪ್ಪತ್ತನೇ ಶತಮಾನದ ಇಂಗ್ಲಿಷ್ ಕಾದಂಬರಿಗಳಲ್ಲಿ ತಂದೆಯ ಮೌನ, ಅದು ವಿಷಯ. ಬೈಯದೆ, ಹೊಡೆಯದೆ, ಬರೀ ಸುಮ್ಮನಿದ್ದೇ ಇಡೀ ಮನೆಯನ್ನು ಮುಷ್ಟಿಯಲ್ಲಿಟ್ಟುಕೊಳ್ಳುವ ಅಪ್ಪಂದಿರು. ಮನೋವಿಶ್ಲೇಷಣೆ, ಸ್ತ್ರೀವಾದ ಎಂದು ಇದ್ದಬದ್ದ ಆಯುಧಗಳನ್ನೆಲ್ಲ ಹಿಡಿದು ಅವಳು ಅವರ ಮೇಲೆ ಯುದ್ಧಕ್ಕೇ ಹೊರಟಿದ್ದಳು. ಉದಾಹರಣೆಗಳೆಲ್ಲ ಇಂಗ್ಲೆಂಡಿನವು, ನಿಜ. ಆದರೆ ಬರೆಯುವಾಗ ಕಣ್ಣೆದುರು ಇದ್ದವರು ಯಾರೆಂದು ಅವಳಿಗೆ ಚೆನ್ನಾಗಿ ಗೊತ್ತು. ಗೇಟಿನ ಸದ್ದಾದರೆ ಟಿವಿಯ ದನಿ ತಾನಾಗಿ ತಗ್ಗುವ ಮನೆ ಅವಳದು. ಇಂಗ್ಲಿಷಿನಲ್ಲಿದೆ, ಅಪ್ಪ ಯಾವತ್ತೂ ಓದುವುದಿಲ್ಲ ಎಂಬ ಒಂದೇ ಧೈರ್ಯದ ಮೇಲೆ ಅಷ್ಟೂ ಪುಟ ಬರೆದಿದ್ದಳು.

ಇಂಗ್ಲಿಷಿನ ಮಂಡನೆ ಹೇಗೋ ದಡ ಸೇರಿತು. ಮೈಸೂರಿನಿಂದ ಪರೀಕ್ಷಕರಾಗಿ ಬಂದಿದ್ದ ಪ್ರೊಫೆಸರ್ ಅನಂತರಾಮು ಬಹಳ ಒಳ್ಳೆಯ ಮನುಷ್ಯ. ಆ ಒಳ್ಳೆಯತನವೇ ಅವಳಿಗೆ ಮುಳುವಾಯಿತು.

"ನಿಮ್ಮ ತಂದೆಯವರು ಇಷ್ಟು ಹೊತ್ತು ತಾಳ್ಮೆಯಿಂದ ಕೂತಿದ್ದಾರೆ. ಅವರಿಗೂ ಅರ್ಥ ಆಗೋ ಹಾಗೆ ನಿನ್ನ ವಾದ ಏನು ಅಂತ ಎರಡು ಮಾತು ಕನ್ನಡದಲ್ಲಿ ಹೇಳಮ್ಮ," ಎಂದರು.

ಚೈತ್ರ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. "ಈ ಕಾದಂಬರಿಗಳಲ್ಲಿ ಅಪ್ಪ ಜಾಸ್ತಿ ಮಾತಾಡಲ್ಲ. ಆದ್ರೆ ಆ ಮೌನದ ಹಿಂದೆ ತುಂಬಾ ಪ್ರೀತಿ ಇರುತ್ತೆ. ಅದನ್ನ ತೋರಿಸಿದ್ದೀನಿ," ಎಂದಳು.

ಬೈರಣ್ಣ ತಲೆಯಾಡಿಸಿದರು. ಅನಂತರಾಮು ಮಾತ್ರ ಹುಬ್ಬು ಗಂಟಿಕ್ಕಿ ಥೀಸಿಸ್ಸಿನ ಪುಟ ಮಗುಚಿದರು. "ಇಲ್ಲಿ ಪೂರ್ತಿ ಉಲ್ಟಾ ಇದೆಯಲ್ಲಮ್ಮ? ಇದನ್ನ ಪ್ರೀತಿ ಅಂತ ಓದೋದು ನಮ್ಮ ಭಾವುಕತೆ, ಇದು ಬರೀ ಅಧಿಕಾರ ಅಂತ ಬರೆದಿದ್ದೀಯ. ಯಾವುದು ನಿನ್ನ ವಾದ? ಇದನ್ನ ಬರೆದದ್ದು ನೀನೇ ತಾನೆ?"

ಜಯದೇವಿ ಮೇಡಂ ಮುಖ ಬಿಳಿಚಿಕೊಂಡಿತು. ಬೇರೆಯವರ ಕೈಯಲ್ಲಿ ಬರೆಸಿದ್ದು ಎಂಬ ಅನುಮಾನ ಬಂದರೆ ಅಲ್ಲಿಗೆ ಮುಗಿಯಿತು, ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ. ಡಿಗ್ರಿ ಬೇಕೆಂದರೆ ಅಪ್ಪನೆದುರು ಬಾಯಿ ಬಿಡಬೇಕು.

"ನಾನೇ ಬರೆದದ್ದು ಸಾರ್," ಎಂದಳು ಚೈತ್ರ. ಆಮೇಲೆ ಮುಂದಿನ ಸಾಲಿನ ಕಡೆ ಕಣ್ಣೆತ್ತದೆ, ಹಿಂದಿನ ಗೋಡೆಯನ್ನೇ ನೋಡುತ್ತ ಶುರುಮಾಡಿದಳು. "ಅಪ್ಪ ಸುಮ್ಮನಿದ್ರೆ ಮನೆಯವರೆಲ್ಲ ಅವರ ಮುಖ ಓದ್ತಾ ಬದುಕಬೇಕಾಗುತ್ತೆ ಸಾರ್. ಇವತ್ತು ಕೋಪ ಇದೆಯಾ? ಸಾರು ರುಚಿಯಾಯ್ತಾ? ನಾನೇನಾದ್ರೂ ತಪ್ಪು ಮಾಡಿದ್ನಾ? ಮಗಳು ಕ್ಲಾಸಿಗೇ ಫಸ್ಟ್ ಬಂದಿರ್ತಾಳೆ. ಹೇಳೋಣ ಅಂತ ಅಪ್ಪನ ರೂಮಿನ ಬಾಗಿಲ ತನಕ ಹೋಗಿ ವಾಪಸ್ ಬರ್ತಾಳೆ. ಹೊಡೆದಿದ್ರೆ ಅಳಬಹುದಿತ್ತು. ಬೈದಿದ್ರೆ ಎದುರು ಮಾತಾಡಬಹುದಿತ್ತು. ಸುಮ್ಮನಿರೋರ ಮೇಲೆ ಏನಂತ ಸಾರ್ ದೂರೋದು?" ಒಮ್ಮೆ ಕಟ್ಟೆಯೊಡೆದ ಮೇಲೆ ನಿಲ್ಲಿಸಲು ಆಗಲಿಲ್ಲ. ಇಂಗ್ಲೆಂಡಿನ ಮನೆಗಳು ಎಲ್ಲಿ ಮುಗಿದವು, ಜರಗನಹಳ್ಳಿ ಎಲ್ಲಿ ಶುರುವಾಯಿತು ಎಂಬುದು ಅವಳಿಗೇ ತಿಳಿಯಲಿಲ್ಲ.

"ಈಗ ಇದು ನಿನ್ನ ವಾದ ಅಂತ ಒಪ್ಪಿದೆ," ಎಂದು ಅನಂತರಾಮು ಥೀಸಿಸ್ ಮುಚ್ಚಿದರು. ನಂತರ ಪದ್ಧತಿಯ ಪ್ರಕಾರ ಹಾಲಿನ ಕಡೆ ತಿರುಗಿ, "ಸಭಿಕರಲ್ಲಿ ಯಾರಿಗಾದರೂ ಪ್ರಶ್ನೆಗಳಿವೆಯೇ?" ಎಂದು ಕೇಳಿದರು. ಯಾರಾದರೂ ಗೆಳತಿ ಎದ್ದು ನಿಂತು ಮೊದಲೇ ಹೇಳಿಕೊಟ್ಟ ಪ್ರಶ್ನೆಯನ್ನು ಕೇಳಿ ಕಾರ್ಯಕ್ರಮ ಮುಗಿಸುವ ಹೊತ್ತು ಅದು. ಆದರೆ ಬೈರಣ್ಣನ ಕೈ ಮೇಲೆದ್ದಿತು. ಚೈತ್ರ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅವರು ಪಂಚೆ ಸರಿಮಾಡಿಕೊಂಡು ಎದ್ದು ನಿಂತರು. ಮಗಳ ಕಡೆ ನೋಡಲಿಲ್ಲ. ಪರೀಕ್ಷಕರಿಗೆ ಕೈಮುಗಿದರು.

"ಪ್ರಶ್ನೆ ಏನಿಲ್ಲ ಸಾರ್. ನಮ್ ಹುಡುಗಿ ಇಷ್ಟು ಮಾತಾಡಿದ್ದನ್ನ ನಾನು ಯಾವತ್ತೂ ಕೇಳಿರ್ಲಿಲ್ಲ. ಇನ್ನೊಂಚೂರು ಮಾತಾಡಕ್ಕೆ ಹೇಳ್ತೀರಾ?"