ನಾಗವೇಣಮ್ಮನವರ ಮೂಕ ಡಿಸ್ಕು

ಸಮಸ್ತ ಬಂಧುಬಳಗಕ್ಕೆ ತಿಳಿಯಪಡಿಸುವುದೇನೆಂದರೆ, ನಾಗವೇಣಮ್ಮನವರು ಮಗಳ ಮದುವೆಯ ನೆನಪನ್ನು ತಲೆಯಿಂದ ಡಿಸ್ಕಿಗೆ ಇಳಿಸಿ, ಭಾನುವಾರ ಎಲ್ಲರಿಗೂ ತೋರಿಸಲಿದ್ದಾರೆ.

ಹೋದ ತಿಂಗಳು ವಾರಗಿತ್ತಿ ಚಂದ್ರಕಲಾ ತೋರಿಸಿದ ನೆನಪಿನ ಡಿಸ್ಕನ್ನು ಇಡೀ ಬಳಗ ಹೊಗಳಿತ್ತು. ನಾಗವೇಣಮ್ಮನವರಿಗೆ ಆ ಹೊಟ್ಟೆಯುರಿ ಇನ್ನೂ ಆರಿರಲಿಲ್ಲ.

ಆದರೆ ಇವರ ಡಿಸ್ಕಿನಲ್ಲಿ ಚಿತ್ರವಿತ್ತು, ಸದ್ದಿರಲಿಲ್ಲ. ನೆನಪು ಇಳಿಸಿಕೊಡುವ ಅಂಗಡಿಯ ಪುಟ್ಟರಾಜು ಮೂರು ಸಲ ಕನ್ವರ್ಟ್ ಮಾಡಿ ಸೋತ.

"ಅಮ್ಮಾ, ಮಂತ್ರ, ವಾಲಗ ಯಾವ್ದನ್ನೂ ನೀವು ಕೇಳಿಸ್ಕೊಂಡೇ ಇಲ್ವಲ್ಲ. ನಾನೆಲ್ಲಿಂದ ತರ್ಲಿ?"

"ಬೇರೆ ಸದ್ದೇ ಇಲ್ವೇನಪ್ಪಾ?"

"ನಿಮ್ಮ ಮನಸಲ್ಲಿ ಓಡಿದ್ದು ಒಂದಿದೆ. ಅದು ಮಾತ್ರ ಬಲು ಕ್ಲಿಯರ್ರು."

ಅವನು ಗುಂಡಿ ಒತ್ತಿದ. ಪರದೆಯ ಮೇಲೆ ಮಾಂಗಲ್ಯಧಾರಣೆ, ಸ್ಪೀಕರಿನಲ್ಲಿ ನಾಗವೇಣಮ್ಮನದೇ ದನಿ: "ಚಂದ್ರಕಲಾನ ಚಿನ್ನದ ಸರದಲ್ಲಿ ನನ್ನದಕ್ಕಿಂತ ಎರಡೆಳೆ ಜಾಸ್ತಿ ಇದ್ಯಲ್ಲಾ!"

"ಇದನ್ನೇ ಸೇರಿಸ್ಲಾ ಅಮ್ಮಾ?"

ನಾಗವೇಣಮ್ಮ ಅಲ್ಲೇ ಫೋನ್ ತೆಗೆದು ಬಳಗಕ್ಕೆ ಎರಡನೇ ಪ್ರಕಟಣೆ ಹೊರಡಿಸಿದರು: ಭಾನುವಾರ ಊಟ ಮಾತ್ರ.