ದೀಪಾಳ ಸೆಂಟು

ಹಿರಿಯೂರಿನ ಗಾರ್ಮೆಂಟ್ಸಿನ ವ್ಯಾನು ಹರಿಯಬ್ಬೆ ಊರು ದಾಟುವಷ್ಟರಲ್ಲಿ ಸುಷ್ಮಿತಾಗೆ ಕೆಮ್ಮು ಒತ್ತರಿಸಿ ಬಂತು. ಕಿಟಕಿ ಸರಿಸಲು ನೋಡಿದಳು; ಗಾಜು ಜಪ್ಪಯ್ಯ ಅಂದರೂ ಅಲುಗಲಿಲ್ಲ. ವೇಲಿನಿಂದ ಮೂಗು ಮುಚ್ಚಿಕೊಂಡಳು.

ಕಾರಣ ಪಕ್ಕದಲ್ಲೇ ಕುಳಿತಿತ್ತು. ದೀಪಾ ಕೆಲಸಕ್ಕೆ ಸೇರಿ ಇನ್ನೂ ವಾರವಾಗಿಲ್ಲ. ಸೆಂಟು ಹಾಕಿಕೊಳ್ಳುವುದಕ್ಕೂ ಒಂದು ಮಿತಿ ಬೇಡವೇ? ಈ ಹುಡುಗಿ ಸೆಂಟಿನಲ್ಲೇ ಮಿಂದು ಬರುತ್ತಿದ್ದಳು. ಆ ಘಾಟಿಗೆ ಸುಷ್ಮಿತಾಗೆ ಉಬ್ಬಸ ಏಳುತ್ತಿತ್ತು. ನಿನ್ನೆ ಮಿಷನ್ ಮುಂದೆ ಕೂರಲಾಗದೆ ಒದ್ದಾಡಿದಾಗ ಸೂಪರ್‌ವೈಸರ್ ಗೋವಿಂದಪ್ಪ, “ಹಿಂಗಾದ್ರೆ ಮನೇಲೇ ಇದ್ಬಿಡಮ್ಮ” ಅಂದಿದ್ದರು. ಹೇಳಿದರೆ ಹೊಸ ಹುಡುಗಿ ನೊಂದುಕೊಳ್ಳುತ್ತಾಳೆ, ಹೇಳದಿದ್ದರೆ ಕೆಲಸಕ್ಕೇ ಕುತ್ತು.

ಅಷ್ಟರಲ್ಲಿ ದೀಪಾ ಆ ಮುಚ್ಚಿದ ಮೂಗನ್ನು ಓರೆಗಣ್ಣಿನಿಂದ ನೋಡಿದಳು. ಮುಖ ಪೆಚ್ಚಾಯಿತು. ಬ್ಯಾಗಿನಿಂದ ಬಾಟಲಿ ತೆಗೆದು ಕತ್ತಿಗೆ, ತೋಳಿಗೆ ಪುಸ್‌ಪುಸ್ ಎಂದು ಇನ್ನಷ್ಟು ಹೊಡೆದುಕೊಂಡಳು.

“ಡ್ರೈವರಣ್ಣಾ, ಗಾಡಿ ನಿಲ್ಸು!”

ಸುಷ್ಮಿತಾ ಇಳಿದು ರಸ್ತೆ ಬದಿಯಲ್ಲಿ ಕುಕ್ಕರಿಸಿದಳು. ಇನ್‌ಹೇಲರ್ ಎಳೆದುಕೊಂಡ ಮೇಲೆ ಉಸಿರು ಒಂದು ಹದಕ್ಕೆ ಬಂತು. ಹಿಂದೆಯೇ ಇಳಿದಿದ್ದ ದೀಪಾ ಹತ್ತಿರ ಬರಲೂ ಹೆದರಿ ದೂರ ನಿಂತಿದ್ದಳು. ಕಣ್ಣಲ್ಲಿ ನೀರು.

“ಅಷ್ಟೊಂದು ಬರ್ತೈತಾ ಅಕ್ಕ?”

“ಏನೇ?”

“ಕುರಿ ವಾಸ್ನೆ. ಚಳಿಗೆ ನಮ್ಮನೆ ಮರಿಗಳು ನನ್ ಪಕ್ಕದಾಗೇ ಮಲಗ್ತಾವೆ. ಎಷ್ಟು ತಿಕ್ಕಿ ಸ್ನಾನ ಮಾಡಿದ್ರೂ ಹೋಗಲ್ಲ. ಓದೋವಾಗ ಹಾಸ್ಟೆಲ್ನಾಗೂ ಎಲ್ರೂ ಹಿಂಗೇ ಮೂಗು ಮುಚ್ಕಂತಿದ್ರು. ಅದಕ್ಕೇ ಸೆಂಟು...”

ಅಳುವುದೋ ನಗುವುದೋ ಸುಷ್ಮಿತಾಗೆ ತಿಳಿಯಲಿಲ್ಲ. ಹುಡುಗಿಯ ಮೇಲೆ ಇದ್ದಬದ್ದ ಸಿಟ್ಟೆಲ್ಲ ಇಳಿದುಹೋಯಿತು.

“ಅಯ್ಯೋ ಹುಚ್ಚಿ, ಕುರಿ ಏನ್ ಮಾಡೈತೆ ನಂಗೆ? ಆ ಬಾಟ್ಲಿ ಕಣೇ ನನ್ ಉಸ್ರು ಕಟ್ಟಿಸ್ತಿರಾದು! ನಾನಾದ್ರೂ ಮೊದ್ಲೇ ಬಾಯಿಬಿಟ್ಟು ಹೇಳ್ಬೇಕಿತ್ತು.”

ಮರುದಿನ ದೀಪಾ ಸೆಂಟಿಲ್ಲದೆ ಬಂದಳು. ಆದರೂ ಧೈರ್ಯ ಸಾಲದೆ ಹಿಂದಿನ ಸೀಟಿಗೆ ಹೊರಟವಳನ್ನು ಸುಷ್ಮಿತಾ ಕೈಹಿಡಿದು ಎಳೆದು ಪಕ್ಕದಲ್ಲೇ ಕೂರಿಸಿಕೊಂಡಳು. ವ್ಯಾನು ಸ್ವಲ್ಪ ದೂರ ಹೋಯಿತು. ದೀಪಾ ಹೊರಗೆ ನೋಡುತ್ತಲೇ ಮೆಲ್ಲಗೆ ಹೇಳಿದಳು:

“ವಾಸ್ನೆ ಬಂದ್ರೆ ಹೇಳ್ಬಿಡಕ್ಕ. ನಾನೇನೂ ಅನ್ಕಣಲ್ಲ.”

ಅಷ್ಟರಲ್ಲಾಗಲೇ ಸುಷ್ಮಿತಾ ಅವಳ ಹೆಗಲಿಗೇ ತಲೆಯಾನಿಸಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಹಿರಿಯೂರು ಬರುವವರೆಗೂ ದೀಪಾ ಹೆಗಲು ಅಲುಗಿಸಲಿಲ್ಲ.